ಬಿಸಿನೀರಿಗೂ ಹಿಗ್ಗಲು ಜಾಗ ಬೇಕು

ಇಂಗ್ಲೆಂಡಿನಲ್ಲಿ ಸಂಸಾರ ಹೂಡಿರುವ ಓದುಗ ಸಹೋದರಿಯೊಬ್ಬರು ಒಂದು ವಿಚಿತ್ರ ಪ್ರಶ್ನೆ ಕಳಿಸಿದ್ದಾರೆ. ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಮಕ್ಕಳ ಓದು, ಅತ್ತೆ-ಸೊಸೆಯರ ಮುನಿಸು, ಮನೆ ಖರ್ಚಿನ ಲೆಕ್ಕಾಚಾರಗಳಿಗೆ ಸಂಬಂಧಿಸಿದವು. ಇವರ ಪತ್ರ ಮಾತ್ರ ಪಂಪಿನ ಬಗ್ಗೆ. ಮನೆಯ ಮೇಲಿನ ಮಹಡಿಯಲ್ಲಿ ಮಗು ಮಲಗುವ ಕೋಣೆಯ ರೇಡಿಯೇಟರ್ ವಾರಕ್ಕೊಮ್ಮೆ ತಣ್ಣಗಾಗುತ್ತದಂತೆ. ಪುಟ್ಟ ಕೀಲಿ ತಿರುಗಿಸಿ ಗಾಳಿ ಬಿಟ್ಟರೆ ಎರಡು ದಿನ ಬಿಸಿಯಾಗಿರುತ್ತದೆ, ಮತ್ತೆ ಪೈಪಿನೊಳಗೆ ಗುಳುಗುಳು ಸದ್ದು, ಮತ್ತೆ ಚಳಿ. ಮೊದಲು ಬಂದ ಮೆಕ್ಯಾನಿಕ್ "ರೇಡಿಯೇಟರ್ ಹೋಗಿದೆ, ಹೊಸದು ಹಾಕಬೇಕು" ಎಂದಿದ್ದಾನೆ. ಎರಡನೆಯವನು ಕಪಾಟಿನ ಬಾಗಿಲು ತೆರೆದು ನೋಡಿ, "ಪಂಪು ಇರಬಾರದ ಜಾಗದಲ್ಲಿದೆ, ಎಕ್ಸ್‌ಪಾನ್ಶನ್ ವೆಸಲ್‌ನ ಇನ್ನೊಂದು ಪಕ್ಕಕ್ಕೆ ಬರಬೇಕು" ಎಂದಿದ್ದಾನೆ. ಪತಿ ಕೆಲಸ ಮುಗಿಸಿ ಬರುವಾಗ ರಾತ್ರಿಯಾಗಿರುತ್ತದೆ. "ಯಾರ ಮಾತು ನಂಬಲಿ ಟೀಚರ್?" ಎಂದು ಕೇಳಿದ್ದಾರೆ.

ಸಹೋದರಿಯರೇ, ನಾನು ಓದಿದ್ದು ಮದ್ರಸದಲ್ಲಿ, ಪದವಿ ಪಡೆದದ್ದು ಬಿ.ಎ.ಯಲ್ಲಿ. ಪಂಪಿಗೂ ನನಗೂ ಇರುವ ಸಂಬಂಧ ಬಾವಿಯ ಪಂಪಿನ ಸ್ವಿಚ್ಚಿನಷ್ಟೇ. ಆದರೂ ಈ ಪತ್ರವನ್ನು ಬದಿಗಿಡಲು ಮನಸ್ಸಾಗಲಿಲ್ಲ. ಏಕೆಂದರೆ ಮೆಕ್ಯಾನಿಕ್ ಬರುವ ಹೊತ್ತಿಗೆ ಮನೆಯಲ್ಲಿರುವವರು ಯಾರು? ನಾವೇ. ಅವನು ಹೇಳಿದ್ದಕ್ಕೆ ತಲೆಯಾಡಿಸುವವರೂ ನಾವೇ, ಸಂಜೆ "ಇಷ್ಟು ದುಡ್ಡು ಯಾಕೆ ಕೊಟ್ಟೆ?" ಎಂಬ ಪ್ರಶ್ನೆಗೆ ಉತ್ತರಿಸುವವರೂ ನಾವೇ. ಊರಿನಲ್ಲಿ ಸೋಲಾರ್ ರಿಪೇರಿಯವನು ಬಂದಾಗಲೂ ಇದೇ ಕತೆ. ಅದಕ್ಕಾಗಿ ನನ್ನ ಭಾವನನ್ನು ಹಿಡಿದು ಕೂರಿಸಿ ಕೇಳಿದೆ. ಅವರು ಗಲ್ಫಿನಲ್ಲಿ ಹಲವು ವರ್ಷ ದೊಡ್ಡ ಕಟ್ಟಡಗಳ ಎ.ಸಿ. ಪ್ಲಾಂಟಿನಲ್ಲಿ ದುಡಿದವರು. ಅಲ್ಲಿ ಪೈಪಿನಲ್ಲಿ ಸುತ್ತುವುದು ತಣ್ಣೀರು, ಇಂಗ್ಲೆಂಡಿನಲ್ಲಿ ಸುತ್ತುವುದು ಬಿಸಿನೀರು. ಪಂಪಿನ ನಿಯಮ ಮಾತ್ರ ಎರಡಕ್ಕೂ ಒಂದೇ ಎಂದರು ಅವರು.

ಮೊದಲು ನಮ್ಮ ಬಚ್ಚಲು ಮನೆಯಿಂದ ಶುರು ಮಾಡೋಣ. ಒಲೆಯ ಮೇಲಿನ ತಾಮ್ರದ ಹಂಡೆಗೆ ಕಂಠದ ತನಕ ನೀರು ತುಂಬಿಸಿ ಬೆಂಕಿ ಹಾಕಿದರೆ ಏನಾಗುತ್ತದೆ? ನೀರು ಕುದಿಯುವ ಮೊದಲೇ ಅಂಚಿನಿಂದ ಸುರಿಯಲು ತೊಡಗುತ್ತದೆ. ಅಜ್ಜಿಯಂದಿರು ಹಂಡೆಯನ್ನು ಎರಡು ಬೆರಳು ಖಾಲಿ ಬಿಡುತ್ತಿದ್ದುದು ಇದಕ್ಕೇ. 40 ಲೀಟರಿನ ಹಂಡೆಯ ನೀರು ಕುದಿಯುವ ಹೊತ್ತಿಗೆ ಒಂದು ಲೀಟರಿಗಿಂತ ಹೆಚ್ಚು ಹಿಗ್ಗಿರುತ್ತದೆ. ನೀರು ಅತ್ಯಂತ ಒತ್ತಾಗಿರುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಲ್ಲಿಂದ ಮೇಲೆ ಬಿಸಿಯಾದಷ್ಟೂ ಅದಕ್ಕೆ ಹೆಚ್ಚು ಜಾಗ ಬೇಕು. 10 ಡಿಗ್ರಿಯ ನೀರನ್ನು 80 ಡಿಗ್ರಿಗೆ ಕಾಯಿಸಿದರೆ 100 ಲೀಟರಿಗೆ ಸುಮಾರು 3 ಲೀಟರ್ ಹೆಚ್ಚುತ್ತದೆ. ಹಂಡೆಗೆ ಬಾಯಿ ಇದೆ, ಸುರಿದು ಹೋಗುತ್ತದೆ. ಬಾಯಿ ಮುಚ್ಚಿದ ಪೈಪಿನೊಳಗೆ ಈ 3 ಲೀಟರ್ ಎಲ್ಲಿಗೆ ಹೋಗಬೇಕು? ನೀರನ್ನು ಅಮುಕಿ ಚಿಕ್ಕದು ಮಾಡಲು ಆಗುವುದಿಲ್ಲ. ಜಾಗ ಕೊಡದಿದ್ದರೆ ಅದು ಕಬ್ಬಿಣವನ್ನೂ ಬಿರಿಯುತ್ತದೆ.

ಈಗ ಆ ಸಹೋದರಿಯ ಮನೆಗೆ ಹೋಗೋಣ. ಅಲ್ಲಿನ ಮನೆಗಳಲ್ಲಿ ಗ್ಯಾಸಿನಿಂದ ಉರಿಯುವ ಒಂದು ಬಾಯ್ಲರ್ ಇರುತ್ತದೆ. ಬಿಸಿಯಾದ ನೀರನ್ನು ಒಂದು ಪಂಪು ಕೋಣೆ ಕೋಣೆಯ ರೇಡಿಯೇಟರಿಗೆ ಕಳಿಸುತ್ತದೆ. ರೇಡಿಯೇಟರ್ ಎಂದರೆ ಗೋಡೆಗೆ ಅಂಟಿದ ಚಪ್ಪಟೆ ಕಬ್ಬಿಣದ ಪೆಟ್ಟಿಗೆ. ಅಲ್ಲಿ ಶಾಖ ಬಿಟ್ಟ ನೀರು ಮತ್ತೆ ಬಾಯ್ಲರಿಗೆ ಬರುತ್ತದೆ. ಅದೇ ನೀರು ವರ್ಷಗಟ್ಟಲೆ ಸುತ್ತುತ್ತಲೇ ಇರುತ್ತದೆ, ನಲ್ಲಿಯಲ್ಲಿ ಬರುವ ನೀರು ಬೇರೆ. ಈ ಸುತ್ತಿನಲ್ಲಿ ಒಂದು ಕಡೆ ಕೆಂಪು ಬಣ್ಣದ, ಚಿಕ್ಕ ಗ್ಯಾಸ್ ಸಿಲಿಂಡರಿನಂತೆ ಕಾಣುವ ಒಂದು ಪಾತ್ರೆ ಜೋತು ಬಿದ್ದಿರುತ್ತದೆ. ಎಕ್ಸ್‌ಪಾನ್ಶನ್ ವೆಸಲ್ ಎಂದರೆ ಅದೇ. ಒಳಗೆ ನಡುವೆ ರಬ್ಬರಿನ ಪರದೆ. ಪರದೆಯ ಒಂದು ಬದಿಗೆ ಪೈಪಿನ ನೀರು, ಇನ್ನೊಂದು ಬದಿಗೆ ಮೊದಲೇ ತುಂಬಿಸಿಟ್ಟ ಗಾಳಿ. ನೀರು ಹಿಗ್ಗಿದಾಗ ಪರದೆಯನ್ನು ತಳ್ಳಿ ಒಳಗೆ ಬರುತ್ತದೆ, ಗಾಳಿ ಕುಗ್ಗಿ ಜಾಗ ಕೊಡುತ್ತದೆ. ತಣ್ಣಗಾದಾಗ ಗಾಳಿ ನೀರನ್ನು ವಾಪಸು ತಳ್ಳುತ್ತದೆ. 3 ಲೀಟರ್ ಹಿಗ್ಗುವ ನೀರಿಗೆ 3 ಲೀಟರಿನ ಪಾತ್ರೆ ಸಾಲದು, ಗಾಳಿಗೂ ಉಳಿಯಲು ಜಾಗ ಬೇಕಲ್ಲ! ಅಂತಹ ಮನೆಗೆ 8ರಿಂದ 12 ಲೀಟರಿನ ಪಾತ್ರೆ ಇಡುತ್ತಾರೆ.

ಪಕ್ಕದಲ್ಲಿ ಒಂದು ಗಡಿಯಾರದಂತಹ ಮೀಟರ್ ಇರುತ್ತದೆ. ಅದು ತೋರಿಸುವುದು ಒತ್ತಡ, ಲೆಕ್ಕ ಬಾರ್‌ನಲ್ಲಿ. 10 ಮೀಟರ್ ಎತ್ತರದ ನೀರು ತನ್ನ ಬುಡದಲ್ಲಿ ಹಾಕುವ ಭಾರ ಹೆಚ್ಚು ಕಡಿಮೆ 1 ಬಾರ್. ಬೈಕಿನ ಟೈರಿಗೆ 30 ಪೌಂಡ್ ಗಾಳಿ ಎನ್ನುತ್ತೇವಲ್ಲ, ಅದು ಸುಮಾರು 2 ಬಾರ್. ಎರಡು ಮಹಡಿಯ ಮನೆಯಲ್ಲಿ ನೀರು ತಣ್ಣಗಿರುವಾಗ ಮುಳ್ಳು 1ರಿಂದ ಒಂದೂವರೆಯೊಳಗೆ ಇರಬೇಕು. ಬಿಸಿಯಾದಾಗ ಸ್ವಲ್ಪ ಏರುತ್ತದೆ. 3 ಬಾರ್ ಮುಟ್ಟಿದರೆ ಸೇಫ್ಟಿ ವಾಲ್ವ್ ತೆರೆದು ನೀರನ್ನು ಮನೆಯ ಹೊರಗೆ ಬಿಡುತ್ತದೆ.

ಇನ್ನು ಜಗಳದ ವಿಷಯಕ್ಕೆ ಬರುತ್ತೇನೆ. ಪಂಪು ಈ ಪಾತ್ರೆಯ ಆಚೆಗಿದ್ದರೇನು, ಈಚೆಗಿದ್ದರೇನು? ನೀರು ಸುತ್ತುವುದು ಒಂದೇ ಬಳೆಯಂತಹ ದಾರಿಯಲ್ಲಿ ತಾನೇ? ನನಗೂ ಮೊದಲು ಹೀಗೆಯೇ ಅನಿಸಿತ್ತು. ಭಾವ ನನ್ನ ಕೈಗೆ ಒಂದು ಸ್ಕೇಲ್ ಕೊಟ್ಟು ಹೇಳಿದ ಉದಾಹರಣೆ ಇದು, ಮಕ್ಕಳಿಗೂ ಹೇಳಿಕೊಡಬಹುದು.

ಪಂಪು ಏನು ಮಾಡುತ್ತದೆ? ಅದಕ್ಕೆ ಎರಡು ಬಾಯಿ. ಎಳೆದುಕೊಳ್ಳುವ ಬಾಯಿಗಿಂತ ತಳ್ಳುವ ಬಾಯಿಯಲ್ಲಿ ಒತ್ತಡ ಹೆಚ್ಚು ಮಾಡುತ್ತದೆ. ಆ ವ್ಯತ್ಯಾಸ ಅರ್ಧ ಬಾರ್ ಎಂದಿಟ್ಟುಕೊಳ್ಳಿ. ವ್ಯತ್ಯಾಸ ಮಾತ್ರ ಅದರ ಕೈಯಲ್ಲಿದೆ. ಒಟ್ಟು ಒತ್ತಡ ಎಷ್ಟಿರಬೇಕೆಂಬುದು ಅದರ ಕೈಯಲ್ಲಿಲ್ಲ. ಅದನ್ನು ನಿರ್ಧರಿಸುವುದು ಗಾಳಿ ತುಂಬಿದ ಆ ಕೆಂಪು ಪಾತ್ರೆ. ಪಂಪು ಶುರುವಾದರೂ ನಿಂತರೂ ಪೈಪಿನೊಳಗಿನ ನೀರಿನ ಪ್ರಮಾಣ ಬದಲಾಗುವುದಿಲ್ಲ. ಹಾಗಾಗಿ ಪಾತ್ರೆಯೊಳಗೆ ಹೊಸದಾಗಿ ನೀರು ಹೋಗುವುದೂ ಇಲ್ಲ, ಬರುವುದೂ ಇಲ್ಲ. ಒಳಗಿನ ಗಾಳಿಗೆ ಪಂಪು ಓಡುತ್ತಿದೆ ಎಂಬುದೇ ತಿಳಿಯದು. ಆದ್ದರಿಂದ ಪಾತ್ರೆ ಪೈಪಿಗೆ ಸೇರುವ ಆ ಒಂದು ಜಾಗದಲ್ಲಿ ಒತ್ತಡ ಇದ್ದಂತೆಯೇ ಇರುತ್ತದೆ. ಇಡೀ ಸುತ್ತಿನಲ್ಲಿ ಅಲುಗದ ಜಾಗ ಅದೊಂದೇ.

ಈಗ ಸ್ಕೇಲನ್ನು ನೆಟ್ಟಗೆ ಹಿಡಿಯಿರಿ. ಸ್ಕೇಲಿನ ಉದ್ದವೇ ಪಂಪಿನ ಅರ್ಧ ಬಾರ್. ಕೆಳತುದಿ ಎಳೆಯುವ ಬಾಯಿ, ಮೇಲ್ತುದಿ ತಳ್ಳುವ ಬಾಯಿ. ಮೇಜಿನ ಮೇಲ್ಮೈ ಎಂದರೆ ಪಾತ್ರೆಯ ಅಲುಗದ ಒತ್ತಡ. ಪಾತ್ರೆ ಪಂಪಿನ ಎಳೆಯುವ ಬಾಯಿಯ ಬಳಿ ಇದ್ದರೆ, ಸ್ಕೇಲಿನ ಕೆಳತುದಿಯನ್ನು ಮೇಜಿಗೆ ತಾಗಿಸಿದಂತೆ. ಮೇಲ್ತುದಿ ಮೇಜಿಗಿಂತ ಮೇಲೆ ನಿಲ್ಲುತ್ತದೆ. ಅಂದರೆ ಎಳೆಯುವಲ್ಲಿ 1 ಬಾರ್, ತಳ್ಳುವಲ್ಲಿ ಒಂದೂವರೆ. ಮನೆಯ ಎಲ್ಲ ರೇಡಿಯೇಟರುಗಳಿಗೂ ಇದ್ದ ಒತ್ತಡಕ್ಕಿಂತ ಒಂದಿಷ್ಟು ಹೆಚ್ಚೇ ಸಿಗುತ್ತದೆ. ಪಾತ್ರೆ ತಳ್ಳುವ ಬಾಯಿಯ ಕಡೆಗಿದ್ದರೋ, ಸ್ಕೇಲಿನ ಮೇಲ್ತುದಿಯನ್ನು ಮೇಜಿನ ಅಂಚಿಗೆ ಸಮನಾಗಿ ಹಿಡಿದಂತೆ. ಉಳಿದ ಸ್ಕೇಲೆಲ್ಲ ಮೇಜಿನ ಕೆಳಗೆ ಜೋತು ಬೀಳುತ್ತದೆ. ತಳ್ಳುವಲ್ಲಿ 1 ಬಾರ್, ಎಳೆಯುವಲ್ಲಿ ಅರ್ಧ. ಪಂಪು ಶುರುವಾದೊಡನೆ ಮನೆಯ ಬಹುಪಾಲು ಪೈಪುಗಳಲ್ಲಿ ಒತ್ತಡ ಇಳಿಯುತ್ತದೆ.

ಇಳಿದರೆ ನಷ್ಟವೇನು ಎನ್ನುವಿರಾ? ಮೇಲಿನ ಮಹಡಿಯನ್ನು ನೋಡಿ. ಮೀಟರಿನಿಂದ 5 ಮೀಟರ್ ಮೇಲಿರುವ ರೇಡಿಯೇಟರಿನಲ್ಲಿ, ಎತ್ತರದ ಕಾರಣಕ್ಕೇ ಅರ್ಧ ಬಾರ್ ಕಡಿಮೆ ಇರುತ್ತದೆ. ಕೆಳಗೆ 1 ಇದ್ದರೆ ಅಲ್ಲಿ ಅರ್ಧ. ಆ ಅರ್ಧದಿಂದ ತಪ್ಪು ಜಾಗದಲ್ಲಿರುವ ಪಂಪು ಬಹುಪಾಲನ್ನು ಕಿತ್ತುಕೊಂಡರೆ ಉಳಿಯುವುದು ಸೊನ್ನೆಯ ಆಸುಪಾಸು. ಮೀಟರ್ ಮುಳ್ಳು 0.7ಕ್ಕೆ ಇಳಿದಿದ್ದರಂತೂ ಸೊನ್ನೆಗೂ ಕೆಳಗೆ. ಆಗ ನೀರು ಹೊರಗೆ ಸೋರುವುದಿಲ್ಲ, ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ವಾಲ್ವಿನ ಸಂದಿಯಿಂದ, ಗಾಳಿ ಬಿಡಲೆಂದೇ ಇಟ್ಟ ತೂತಿನಿಂದ ಗಾಳಿ ಎಳೆದುಕೊಳ್ಳುತ್ತದೆ. ನೆಲದ ಮೇಲೆ ಒಂದು ಹನಿ ನೀರಿಲ್ಲ, ಆದರೆ ರೇಡಿಯೇಟರಿನಲ್ಲಿ ದಿನವೂ ಗಾಳಿ. ಗುಳುಗುಳು ಸದ್ದು ಇದರದ್ದೇ. ಗಾಳಿಯ ಜೊತೆಗೆ ಆಮ್ಲಜನಕ ಬರುತ್ತದೆ, ಆಮ್ಲಜನಕದಿಂದ ಕಬ್ಬಿಣಕ್ಕೆ ತುಕ್ಕು, ತುಕ್ಕಿನಿಂದ ಕಪ್ಪು ಕೆಸರು, ಕೆಸರಿನಿಂದ ಪಂಪು ಹಾಳು.

ಇದು ಅಪರೂಪದ ರೋಗವೇನೂ ಅಲ್ಲ. ಅಮೆರಿಕದಲ್ಲಿ ಈ ಕಸುಬಿನವರಿಗೆಲ್ಲ ಪರಿಚಿತರಾದ ಡಾನ್ ಹೊಲೊಹನ್ 'ಪಂಪಿಂಗ್ ಅವೇ' ಎಂಬ ಪುಸ್ತಕವನ್ನೇ ಬರೆದಿದ್ದಾರೆ. ಪಾತ್ರೆಗೆ ಬೆನ್ನು ಹಾಕಿ ತಳ್ಳು ಎಂಬುದು ಹೆಸರಿನಲ್ಲೇ ಇದೆ. ಅಷ್ಟು ದೂರ ಹೋಗುವುದೇಕೆ, ಪಂಪಿನ ಮೈಮೇಲೆ ಒಂದು ಬಾಣದ ಗುರುತು ಇರುತ್ತದೆ. ನೀರು ಹೋಗುವ ದಿಕ್ಕು ಅದು. ಬಾಣ ಕೆಂಪು ಪಾತ್ರೆ ಸೇರುವ ಜಾಗದಿಂದ ದೂರಕ್ಕೆ ತೋರಿಸುತ್ತಿದ್ದರೆ ಸರಿ. ಅದರ ಕಡೆಗೇ ತೋರಿಸುತ್ತಾ ಹತ್ತಿರದಲ್ಲೇ ಇದ್ದರೆ ಎರಡನೇ ಮೆಕ್ಯಾನಿಕ್ ಹೇಳಿದ್ದರಲ್ಲಿ ಹುರುಳಿದೆ. ಪಂಪು ಬಾಯ್ಲರಿನಿಂದ ಹೋಗುವ ಪೈಪಿನಲ್ಲಿದೆಯೋ ಮರಳಿ ಬರುವ ಪೈಪಿನಲ್ಲಿದೆಯೋ ಎಂಬುದು ಅಷ್ಟು ಮುಖ್ಯವಲ್ಲ. ಇಂದಿನ ಪಂಪುಗಳು ಬಿಸಿಯನ್ನು ತಾಳುತ್ತವೆ. ಪಾತ್ರೆಯನ್ನು ಮಾತ್ರ ಮರಳಿ ಬರುವ ಪೈಪಿಗೆ ಸೇರಿಸುವುದು ಒಳ್ಳೆಯದು. ಅಲ್ಲಿ ಶಾಖ ಕಡಿಮೆ, ರಬ್ಬರ್ ಹೆಚ್ಚು ದಿನ ಬಾಳುತ್ತದೆ.

ಆದರೆ ತಕ್ಷಣ ಪಂಪು ಕೀಳಿಸಲು ಹೊರಡಬೇಡಿ. ಸಣ್ಣ ಮನೆ, ಸಣ್ಣ ಪಂಪು, ಒತ್ತಡ ಸಾಕಷ್ಟು ಇದ್ದರೆ ತಪ್ಪು ಜಾಗದಲ್ಲಿದ್ದೂ ವರ್ಷಗಟ್ಟಲೆ ಸುಮ್ಮನೆ ಓಡುವುದುಂಟು. ಖರ್ಚಿಲ್ಲದ ಪರೀಕ್ಷೆಗಳು ಮೊದಲು ನಡೆಯಲಿ.

ಬೆಳಿಗ್ಗೆ ಬಾಯ್ಲರ್ ಹೊತ್ತಿಸುವ ಮುಂಚೆ ಮೀಟರ್ ನೋಡಿ ಬರೆದಿಡಿ. ಮನೆ ಬಿಸಿಯಾದ ಮೇಲೆ ಮತ್ತೆ ನೋಡಿ. ಹೀಗೆ ಒಂದು ವಾರ. ತಣ್ಣಗಿರುವಾಗ 1, ಬಿಸಿಯಾದಾಗ 3ರ ಹತ್ತಿರ, ಮರುದಿನ ಬೆಳಿಗ್ಗೆ ಸೊನ್ನೆಯ ಸಮೀಪ ಎಂದು ಕಂಡರೆ ರೋಗ ಪಂಪಿನದ್ದಲ್ಲ, ಪಾತ್ರೆಯದ್ದು. ಒಳಗಿನ ಗಾಳಿ ಖಾಲಿಯಾಗಿದೆ ಅಥವಾ ರಬ್ಬರ್ ಹರಿದಿದೆ. ಹಿಗ್ಗಿದ ನೀರಿಗೆ ಜಾಗವಿಲ್ಲದೆ ಸೇಫ್ಟಿ ವಾಲ್ವಿನಿಂದ ಹೊರಗೆ ಹೋಗುತ್ತಿದೆ. ಮನೆಯ ಹೊರಗೋಡೆಯಲ್ಲಿ ಬಾಗಿದ ಚಿಕ್ಕ ತಾಮ್ರದ ಪೈಪು ಕಾಣುತ್ತದೆ, ಅದರ ಬುಡ ಒದ್ದೆಯಾಗಿದೆಯೇ ನೋಡಿ. ಪಾತ್ರೆಯ ತಲೆಯಲ್ಲಿ ಸೈಕಲ್ ಟ್ಯೂಬಿಗಿರುವಂತಹದ್ದೇ ವಾಲ್ವ್ ಇರುತ್ತದೆ. ಮೆಕ್ಯಾನಿಕ್ ಅದರ ಮೂತಿಯನ್ನು ಒಂದಿಷ್ಟು ಒತ್ತಿ ನೋಡಲಿ. ಗಾಳಿ ಬಂದರೆ ಪರದೆ ಗಟ್ಟಿ ಇದೆ. ನೀರು ಬಂದರೆ ಪರದೆ ಹರಿದಿದೆ, ಪಾತ್ರೆ ಬದಲಿಸಲೇಬೇಕು. ಏನೂ ಬಾರದಿದ್ದರೆ ಗಾಳಿ ತುಂಬಿಸಿದರೆ ಸಾಕು, ಅದಕ್ಕೆ ಸೈಕಲ್ ಪಂಪೇ ಆಗುತ್ತದೆ. ತುಂಬಿಸುವಾಗ ನೀರಿನ ಕಡೆಯ ಒತ್ತಡವನ್ನು ಪೂರ್ತಿ ಸೊನ್ನೆಗೆ ಇಳಿಸಿರಬೇಕು, ಇಲ್ಲದಿದ್ದರೆ ಅಳತೆ ಸುಳ್ಳಾಗುತ್ತದೆ. ಇದನ್ನು ಎಷ್ಟೋ ಮೆಕ್ಯಾನಿಕ್‌ಗಳೇ ಮರೆಯುತ್ತಾರಂತೆ.

ಒತ್ತಡ ಇಳಿಯಿತೆಂದು ದಿನವೂ ಹೊಸ ನೀರು ತುಂಬಿಸುತ್ತಾ ಹೋಗುವುದು ಜಾಣತನವಲ್ಲ. ಹೊಸ ನೀರಿನ ಜೊತೆ ಕರಗಿದ ಗಾಳಿ ಬರುತ್ತದೆ, ರೇಡಿಯೇಟರ್ ಒಳಗಿನಿಂದ ಕೊಳೆಯುತ್ತದೆ.

ಮೊದಲ ಮೆಕ್ಯಾನಿಕ್ ಹೇಳಿದ ರೇಡಿಯೇಟರಿನ ಮಾತನ್ನೂ ಕೈಯಿಂದ ಮುಟ್ಟಿಯೇ ಪರೀಕ್ಷಿಸಬಹುದು. ಮೇಲ್ಭಾಗ ತಣ್ಣಗೆ, ಕೆಳಭಾಗ ಬಿಸಿ ಇದ್ದರೆ ಅದು ಗಾಳಿ. ಮೇಲ್ಭಾಗ ಬಿಸಿ, ಕೆಳಗೆ ನಡುವೆ ತಣ್ಣಗಿದ್ದರೆ ಅದು ಕೆಸರು. ಗಾಳಿ ತೆಗೆದಾಗ ಸರಿಯಾಗುವ ರೇಡಿಯೇಟರನ್ನು ಬದಲಿಸಿ ಏನು ಪ್ರಯೋಜನ? ಹೊಸದರಲ್ಲೂ ಅದೇ ಗಾಳಿ ತುಂಬುತ್ತದೆ. ಗಾಳಿ ಬಿಡುವಾಗ ಪಂಪು ನಿಲ್ಲಿಸಿರಬೇಕು ಎಂಬುದನ್ನು ಮರೆಯಬೇಡಿ. ಪಂಪು ಓಡುತ್ತಿರುವಾಗ ಮೇಲಿನ ರೇಡಿಯೇಟರಿನ ಕೀಲಿಯನ್ನು ತುಸುವೇ ಸಡಿಲಿಸಿದಾಗ ಗಾಳಿ ಹೊರಗೆ ಬರುವ ಬದಲು ಒಳಗೆ ಎಳೆದುಕೊಂಡರೆ, ಪಂಪು ನಿಂತಾಗ ಅದೇ ಜಾಗದಲ್ಲಿ ನೀರು ಹೊರಗೆ ಬಂದರೆ, ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಪಂಪಿನ ಜಾಗ ತಪ್ಪಾಗಿದೆ. ಈ ಪರೀಕ್ಷೆಯನ್ನು ಮೆಕ್ಯಾನಿಕ್‌ಗೆ ನಿಮ್ಮ ಕಣ್ಣೆದುರೇ ಮಾಡಲು ಹೇಳಿ. ನಿಜ ಹೇಳುವವನಾದರೆ ಸಂತೋಷದಿಂದ ತೋರಿಸುತ್ತಾನೆ.

ಇನ್ನೊಂದು ಎಚ್ಚರ. ಈಗ ಅಲ್ಲಿನ ಅನೇಕ ಮನೆಗಳಲ್ಲಿ ಕಾಂಬಿ ಬಾಯ್ಲರ್ ಇರುತ್ತದೆ. ಅದರಲ್ಲಿ ಪಂಪು, ಪಾತ್ರೆ ಎರಡೂ ಒಂದೇ ಪೆಟ್ಟಿಗೆಯೊಳಗೆ, ಕಂಪೆನಿಯವರೇ ಜೋಡಿಸಿ ಕಳಿಸಿದ್ದು. ಅಂತಹ ಬಾಯ್ಲರಿನ ಪಂಪನ್ನು ಸರಿಸಬೇಕು ಎಂದು ಯಾರಾದರೂ ಹೇಳಿದರೆ ಬಾಗಿಲು ತೋರಿಸಿ. ಗ್ಯಾಸ್ ಬಾಯ್ಲರಿನ ಮುಚ್ಚಳ ತೆರೆಯುವ ಕೆಲಸಕ್ಕೆ ಬ್ರಿಟನ್ನಿನಲ್ಲಿ ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ ಹೆಸರಿರುವವರೇ ಬರಬೇಕು. 2009ರಿಂದ ಈ ವ್ಯವಸ್ಥೆ ಇದೆ. ಅವರ ಬಳಿ ಗುರುತಿನ ಚೀಟಿ ಇರುತ್ತದೆ, ಕೇಳಿ ನೋಡುವುದರಲ್ಲಿ ಮರ್ಯಾದೆಗೇಡೇನೂ ಇಲ್ಲ. ಮನೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದಿದ್ದರೆ ರೇಡಿಯೇಟರಿಗಿಂತ ಮೊದಲು ಅದನ್ನು ಕೊಳ್ಳಿರಿ. ಆ ವಿಷಾನಿಲಕ್ಕೆ ವಾಸನೆಯಿಲ್ಲ, ಮಲಗಿದ ಮಗುವನ್ನು ಎಬ್ಬಿಸುವುದೂ ಇಲ್ಲ.

ಪಂಪು ಸರಿಸುವುದೇ ಎಂದಾದರೆ ಕೆಲಸದವನಿಗೆ ನಾಲ್ಕು ಮಾತು ಹೇಳಿ. ಪಂಪಿನ ನಡುವಿನ ದಂಡ ಅಡ್ಡಕ್ಕೆ, ನೆಲಕ್ಕೆ ಸಮನಾಗಿ ಇರಬೇಕು, ನೆಟ್ಟಗೆ ನಿಲ್ಲಬಾರದು. ನೀರೇ ಅದರ ಎಣ್ಣೆ. ನೆಟ್ಟಗಿದ್ದರೆ ಮೇಲೆ ಗಾಳಿ ನಿಂತು ಒಣಗಿ ತೇಯುತ್ತದೆ. ಸುತ್ತಿನ ಅತಿ ತಗ್ಗಿನ ಜಾಗದಲ್ಲಿ ಇಟ್ಟರೆ ಕೆಸರು, ಅತಿ ಎತ್ತರದಲ್ಲಿ ಇಟ್ಟರೆ ಗಾಳಿ. ಪಂಪಿನ ಎರಡೂ ಬದಿಗೆ ಒಂದೊಂದು ವಾಲ್ವ್ ಇದ್ದರೆ ಮುಂದೆ ಬದಲಿಸುವಾಗ ಮನೆಯ ನೀರೆಲ್ಲ ಖಾಲಿ ಮಾಡಬೇಕಿಲ್ಲ. ಆದರೆ ಬಾಯ್ಲರಿಗೂ ಕೆಂಪು ಪಾತ್ರೆಗೂ ನಡುವೆ ಯಾರಾದರೂ ಮರೆತು ಮುಚ್ಚಿಬಿಡಬಹುದಾದ ವಾಲ್ವ್ ಬೇಡವೇ ಬೇಡ.

ಹಳೆಯ ಕಾಲದ ಮನೆಗಳಲ್ಲಿ ಈ ಪಾತ್ರೆಯೇ ಇರುವುದಿಲ್ಲ. ಮಾಡಿನ ಕೆಳಗಿನ ಅಟ್ಟದಲ್ಲಿ ಒಂದು ಚಿಕ್ಕ ತೆರೆದ ಟ್ಯಾಂಕ್ ಇರುತ್ತದೆ. ಹಿಗ್ಗಿದ ನೀರು ಅಲ್ಲಿಗೆ ಏರುತ್ತದೆ, ತಣ್ಣಗಾದಾಗ ಇಳಿಯುತ್ತದೆ. ಟ್ಯಾಂಕಿನ ಮೇಲಕ್ಕೆ ಕೊಕ್ಕೆಯಂತೆ ಬಾಗಿದ ಇನ್ನೊಂದು ಪೈಪು. ನೀರು ಅತಿಯಾಗಿ ಕುದಿದರೆ ಹಬೆ ಹೋಗಲು ಅದು. ಅಲ್ಲಿ ಬಾಯ್ಲರಿನಿಂದ ಮೊದಲು ಈ ಹಬೆಯ ಪೈಪು, ಪಕ್ಕದಲ್ಲೇ ಟ್ಯಾಂಕಿನ ನೀರು ಇಳಿಯುವ ಪೈಪು, ಎರಡಕ್ಕೂ ನಡುವೆ 15 ಸೆಂಟಿಮೀಟರಿಗಿಂತ ಹೆಚ್ಚು ಅಂತರವಿಲ್ಲದಂತೆ, ಆಮೇಲೆ ಪಂಪು. ಈ ಸಾಲು ತಪ್ಪಿದರೆ ಪಂಪು ಬಿಸಿನೀರನ್ನು ಅಟ್ಟದ ಟ್ಯಾಂಕಿಗೆ ಕಾರಂಜಿಯಂತೆ ಸುರಿಯುತ್ತದೆ, ಇಲ್ಲವೇ ಅಲ್ಲಿಂದ ಗಾಳಿ ಎಳೆಯುತ್ತದೆ.

ಇದನ್ನು ಓದುತ್ತಿರುವಂತೆ ನಿಮ್ಮಲ್ಲಿ ಕೆಲವರಿಗೆ ತಾರಸಿಯ ಮೇಲಿನ ಸೋಲಾರ್ ನೆನಪಾಗಿರಬೇಕು. ಸರಿಯಾಗಿಯೇ ನೆನಪಾಗಿದೆ. ನಮ್ಮ ಕರಾವಳಿ, ಮಲೆನಾಡು, ಬೆಂಗಳೂರಿನ ಮನೆಗಳ ಸೋಲಾರ್ ಟ್ಯಾಂಕಿನ ತಲೆಯ ಮೇಲೆ ನೆಟ್ಟಗೆ ನಿಂತ ಒಂದು ತೆಳ್ಳನೆಯ ಪೈಪು ಇದೆಯಲ್ಲ, ಏರ್ ವೆಂಟ್, ಅದು ಇಂಗ್ಲೆಂಡಿನ ಅಟ್ಟದ ಕೊಕ್ಕೆ ಪೈಪಿನ ತಮ್ಮ. 200 ಲೀಟರಿನ ಟ್ಯಾಂಕು 25 ಡಿಗ್ರಿಯಿಂದ 65ಕ್ಕೆ ಬಿಸಿಯಾದಾಗ 3 ಲೀಟರಿಗೂ ಹೆಚ್ಚು ನೀರು ಹಿಗ್ಗುತ್ತದೆ. ಸಾಮಾನ್ಯವಾಗಿ ಅದು ತಣ್ಣೀರಿನ ಪೈಪಿನಲ್ಲೇ ಹಿಂದಕ್ಕೆ ಓವರ್‌ಹೆಡ್ ಟ್ಯಾಂಕಿನ ಕಡೆಗೆ ಸರಿಯುತ್ತದೆ. ಬಿಸಿ ಹಿಂದಕ್ಕೆ ಹೋಗಬಾರದೆಂದು ಕೆಲವರು ಅಲ್ಲಿ ನಾನ್ ರಿಟರ್ನ್ ವಾಲ್ವ್ ಹಾಕಿಸಿರುತ್ತಾರೆ. ಆಗ ಉಳಿದಿರುವ ದಾರಿ ಏರ್ ವೆಂಟ್ ಒಂದೇ. ಅದರಿಂದ ನೀರು ತೊಟ್ಟಿಕ್ಕುತ್ತದೆ ಎಂದು ಪ್ಲಾಸ್ಟಿಕ್ ಕಟ್ಟಿ ಬಿಗಿದರೆ ಟ್ಯಾಂಕು ಉಬ್ಬಿ ಒಡೆಯದೆ ಇನ್ನೇನಾದೀತು? ತೊಟ್ಟಿಕ್ಕುವುದಕ್ಕೆ ಕಾರಣ ಬೇರೆಯೇ ಇರುತ್ತದೆ. ಮನೆಗೆ ಇನ್ನೊಂದು ಮಹಡಿ ಏರಿಸಿದಾಗ ಓವರ್‌ಹೆಡ್ ಟ್ಯಾಂಕನ್ನೂ ಎತ್ತರಕ್ಕೆ ಸಾಗಿಸುತ್ತಾರೆ, ಏರ್ ವೆಂಟ್ ಹಳೆಯ ಎತ್ತರದಲ್ಲೇ ಉಳಿಯುತ್ತದೆ. ಅದರ ತುದಿ ಓವರ್‌ಹೆಡ್ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲಿರಬೇಕು, ಇಷ್ಟೇ ನಿಯಮ. ಪೈಪು ಉದ್ದ ಮಾಡಿಸಿ.

ಹೊಸ ಬಾತ್‌ರೂಮುಗಳ ಕಾಯಿಲೆ ಪ್ರೆಷರ್ ಪಂಪು. ಅಗಲವಾದ ಶವರ್ ಹಾಕಿಸುತ್ತಾರೆ, ನೀರು ಸಾಲುವುದಿಲ್ಲವೆಂದು ಓವರ್‌ಹೆಡ್ ಟ್ಯಾಂಕಿನ ತಣ್ಣೀರು ಲೈನಿಗೆ ಮಾತ್ರ ಪಂಪು ಕೂರಿಸುತ್ತಾರೆ. ಆಮೇಲೆ ಶುರುವಾಗುತ್ತದೆ ನೋಡಿ: ಬೆಳಗಿನ ನಮಾಝಿಗೆ ಎದ್ದು ವುಝೂ ಮಾಡಲು ಬಿಸಿನೀರಿನ ನಲ್ಲಿ ತಿರುಗಿಸಿದರೆ ತಣ್ಣೀರು, ತಾರಸಿಯಲ್ಲಿ ಏರ್ ವೆಂಟಿನಿಂದ ಧಾರೆ. ಕಾರಣ ಮಿಕ್ಸರ್ ನಲ್ಲಿ. ಅದರೊಳಗೆ ತಣ್ಣೀರೂ ಬಿಸಿನೀರೂ ಎದುರುಬದುರಾಗುತ್ತವೆ. ಪಂಪಿನ ಬಲದಿಂದ ಬಂದ ತಣ್ಣೀರು ಬಲವಿಲ್ಲದ ಬಿಸಿನೀರನ್ನು ಬಂದ ದಾರಿಯಲ್ಲೇ ಹಿಂದಕ್ಕೆ ತಳ್ಳಿ ಸೋಲಾರ್ ಟ್ಯಾಂಕನ್ನು ತುಂಬಿಸುತ್ತದೆ. ಕೆಲವರು ಸೋಲಾರಿಗೆ ಹೋಗುವ ತಣ್ಣೀರಿಗೇ ಪಂಪು ಜೋಡಿಸುತ್ತಾರೆ, ಅದು ಇನ್ನೂ ಕೆಟ್ಟದ್ದು. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಇರುವುದು ಒತ್ತಡ ತಾಳದ ಟ್ಯಾಂಕು. ಓವರ್‌ಹೆಡ್ ಟ್ಯಾಂಕು 3 ಮೀಟರ್ ಮೇಲಿದ್ದರೆ ಅದಕ್ಕೆ ಬೀಳುವುದು ಬರೀ 0.3 ಬಾರ್. ಪಂಪಿನ ಎರಡು ಬಾರನ್ನು ಅದು ಹೇಗೆ ತಡೆದೀತು?

ಮಾಡಬೇಕಾದದ್ದು ಎರಡರಲ್ಲಿ ಒಂದು. ಸೋಲಾರ್ ಟ್ಯಾಂಕಿನಿಂದ ಹೊರಬರುವ ಬಿಸಿನೀರಿಗೆ ಬಿಸಿ ತಾಳುವ ಪಂಪು, ತಣ್ಣೀರು ಲೈನಿಗೆ ಇನ್ನೊಂದು, ಎರಡಕ್ಕೂ ಬಲ ಸಮನಾಗಿರಲಿ. ಇಲ್ಲವಾದರೆ ಒತ್ತಡ ತಾಳುವ ಸೋಲಾರ್ ಟ್ಯಾಂಕನ್ನೇ ಕೊಳ್ಳಬೇಕು. ಅದಕ್ಕೆ ಏರ್ ವೆಂಟ್ ಇರುವುದಿಲ್ಲ, ಬದಲಿಗೆ ಸೇಫ್ಟಿ ವಾಲ್ವ್ ಮತ್ತು ನಾವು ಮೇಲೆ ಹೇಳಿದಂತಹ ಎಕ್ಸ್‌ಪಾನ್ಶನ್ ವೆಸಲ್ ಇರಬೇಕು. ಮಾರುವವರು ಟ್ಯಾಂಕು ಕೊಟ್ಟು ಇವೆರಡನ್ನು ಬಿಟ್ಟರೆ ಒಪ್ಪಬೇಡಿ. ಅಗಲ ಶವರ್ ಅಷ್ಟು ಅಗತ್ಯವೇ ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳಬಹುದು. ಬಕೆಟ್ಟು, ಚೊಂಬಿಗೆ ಈ ಯಾವ ರಗಳೆಯೂ ಇಲ್ಲ.

ಕೊನೆಗೆ ಗೀಸರ್. ಕರೆಂಟಿನ ಗೀಸರಿಗೆ ತಣ್ಣೀರು ಸೇರುವ ಬಾಯಿಯಲ್ಲಿ ಹಿತ್ತಾಳೆಯ ಒಂದು ಸೇಫ್ಟಿ ವಾಲ್ವ್ ಇರುತ್ತದೆ, ಪಕ್ಕಕ್ಕೆ ಒಂದು ಸಣ್ಣ ತೂತು. 25 ಲೀಟರಿನ ಗೀಸರ್ 70 ಡಿಗ್ರಿಗೆ ಕಾದಾಗ ಅರ್ಧ ಲೀಟರಿನಷ್ಟು ನೀರು ಹಿಗ್ಗುತ್ತದೆ. ಪ್ರೆಷರ್ ಪಂಪು ಅಥವಾ ನಾನ್ ರಿಟರ್ನ್ ವಾಲ್ವ್ ಇರುವ ಮನೆಯಲ್ಲಿ ಅದು ಹಿಂದಕ್ಕೆ ಹೋಗಲಾರದು, ಆ ತೂತಿನಿಂದ ಹನಿ ಹನಿಯಾಗಿ ಬೀಳುತ್ತದೆ. ಹೊಸ ಟೈಲ್ಸ್ ಮೇಲೆ ನೀರು ಬೀಳುತ್ತದೆ ಎಂದು ಪ್ಲಂಬರನ್ನು ಕರೆಸಿ ತೂತಿಗೆ ಬಿರಟೆ ಹಾಕಿಸಿದ ಮನೆಗಳನ್ನು ನಾನು ಕಂಡಿದ್ದೇನೆ. ಸಹೋದರಿಯರೇ, ಇದು ಆಟದ ಮಾತಲ್ಲ. ಗೀಸರ್ ತಾನಾಗಿ ಆಫ್ ಆಗುವುದು ಥರ್ಮೋಸ್ಟಾಟಿನಿಂದ. ಒಂದು ದಿನ ಥರ್ಮೋಸ್ಟಾಟ್ ಮತ್ತು ಅದರ ಹಿಂದಿನ ಕಟ್‌ಔಟ್ ಕೈಕೊಟ್ಟರೆ ಕೊನೆಯ ಕಾವಲುಗಾರ ಈ ವಾಲ್ವ್ ಒಂದೇ. ಅದರ ಬಾಯಿ ಕಟ್ಟಿದ್ದರೆ ನೀರು 100 ಡಿಗ್ರಿ ದಾಟಿಯೂ ಕುದಿಯದೆ ಒತ್ತಡದಲ್ಲಿ ಕುಳಿತಿರುತ್ತದೆ. ಟ್ಯಾಂಕು ಬಿರಿದ ಕ್ಷಣ ಆ ನೀರಿನ ಒಂದು ಪಾಲು ಒಮ್ಮೆಲೇ ಹಬೆಯಾಗುತ್ತದೆ. ಒಂದು ಲೀಟರ್ ನೀರು ಹಬೆಯಾದರೆ 1600 ಲೀಟರಿಗೂ ಹೆಚ್ಚು ಜಾಗ ಬೇಕು. ಬಾತ್‌ರೂಮಿನ ಗೋಡೆ ಅದಕ್ಕೆ ಯಾವ ಲೆಕ್ಕ?

ತೊಟ್ಟಿಕ್ಕುವ ತೂತಿಗೆ ಒಂದು ಸಣ್ಣ ಟ್ಯೂಬು ಸಿಕ್ಕಿಸಿ ನೆಲದ ಜಾಲರಿಯ ತನಕ ಇಳಿಸಿ. ಟ್ಯೂಬಿನ ಬಾಯಿ ತೆರೆದೇ ಇರಲಿ, ನಡುವೆ ಎಲ್ಲೂ ಮಡಚದಿರಲಿ. ಅದೂ ಬೇಡವೆಂದರೆ ತಣ್ಣೀರು ಲೈನಿಗೆ ಬಿಳಿ ಬಣ್ಣದ ಚಿಕ್ಕ ಎಕ್ಸ್‌ಪಾನ್ಶನ್ ವೆಸಲ್ ಸಿಗುತ್ತದೆ. ಬಳಸುವ ನೀರಿಗೆ ಅದೇ ಆಗಬೇಕು, ಕೆಂಪಿನದ್ದು ಸುತ್ತುವ ನೀರಿಗೆ ಮಾತ್ರ. ಅದನ್ನು ನಾನ್ ರಿಟರ್ನ್ ವಾಲ್ವಿಗೂ ಗೀಸರಿಗೂ ನಡುವೆ ಕೂರಿಸಬೇಕು, ವಾಲ್ವಿನ ಆಚೆಗಿಟ್ಟರೆ ಗೀಸರಿನ ನೀರು ಅದನ್ನು ತಲುಪುವುದೇ ಇಲ್ಲ. ಸೇಫ್ಟಿ ವಾಲ್ವಿಗೆ ಒಂದು ಚಿಕ್ಕ ಹಿಡಿ ಇದ್ದರೆ ತಿಂಗಳಿಗೊಮ್ಮೆ ಎತ್ತಿ ನೋಡಿ. ನೀರು ಚಿಮ್ಮಿದರೆ ಅದು ಕೆಲಸ ಮಾಡುತ್ತಿದೆ. ಬೋರ್‌ವೆಲ್ಲಿನ ಗಡಸು ನೀರಿನ ಊರುಗಳಲ್ಲಿ ಸುಣ್ಣ ಕಟ್ಟಿ ಅದು ಬಿಗಿಯುತ್ತದೆ. ಎತ್ತಿದಾಗ ಒಂದು ಹನಿಯೂ ಬಾರದಿದ್ದರೆ ಸ್ವಿಚ್ ಆರಿಸಿ, ಹೊಸ ವಾಲ್ವ್ ಹಾಕಿಸುವ ತನಕ ಒಲೆಯ ಮೇಲೆ ನೀರು ಕಾಯಿಸಿಕೊಳ್ಳಿ.